ಐದು ವಿಶ್ವವಿದ್ಯಾನಿಲಯಗಳ ನಾಡಿನಲ್ಲಿ ಓದುವವರು ಯಾರ ಮಕ್ಕಳು?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ದಿನ ನನಗೆ ಒಪ್ಪಿಸಿರುವ ವಿಷಯ ಉಚ್ಚ ಶಿಕ್ಷಣ. ಅದನ್ನು ಗಾಳಿಯಲ್ಲಿ ನಿಲ್ಲಿಸಿ ಮಾತನಾಡುವುದಕ್ಕಿಂತ ಯಾವುದಾದರೂ ಒಂದು ಪ್ರದೇಶವನ್ನು ಹಿಡಿದುಕೊಂಡು, ಅಲ್ಲಿ ಎಷ್ಟು ವಿದ್ಯಾಲಯಗಳಿವೆ, ಎಷ್ಟು ಮಂದಿ ಓದುತ್ತಾರೆ, ಓದುವವರು ಯಾರ ಮಕ್ಕಳು ಎಂದು ಲೆಕ್ಕ ಹಾಕುವುದು ಮೇಲೆಂದು ನನ್ನ ಭಾವನೆ. ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಈಶಾನ್ಯ ಭಾಗ.

ಇಂಗ್ಲೆಂಡೇ ಏಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಕಾಲೇಜಿನ ಖರ್ಚನ್ನು ಸರ್ಕಾರದ ಹೆಗಲಿನಿಂದ ಇಳಿಸಿ ವಿದ್ಯಾರ್ಥಿಯ ಹೆಗಲಿಗೆ ಸಾಲವಾಗಿ ಹೊರಿಸುವ ಪ್ರಯೋಗ ಆ ದೇಶದಲ್ಲಿ ಪೂರ್ತಿಯಾಗಿ ನಡೆದಿದೆ. ಅದರ ಫಲ ಈಗ ಕಣ್ಣಮುಂದಿದೆ. ಎರಡನೆಯದು, ನಮ್ಮ ಕಡೆಯ ಹುಡುಗ ಹುಡುಗಿಯರೇ ಇಂದು ಮನೆ ಮಠ ಅಡವಿಟ್ಟು ಆ ದೇಶದ ವಿಶ್ವವಿದ್ಯಾನಿಲಯಗಳಿಗೆ ಹೋಗುತ್ತಿದ್ದಾರೆ. ಅವರ ಫೀಜಿಗೂ ಅಲ್ಲಿಯ ಗಣಿ ಕಾರ್ಮಿಕನ ಮೊಮ್ಮಗನ ಪಾಡಿಗೂ ಇರುವ ಸಂಬಂಧವನ್ನು ನಾವು ತಿಳಿಯಬೇಕಾಗಿದೆ.

ಮೊದಲು ಪ್ರದೇಶದ ಪರಿಚಯ. ಟೈನ್, ವಿಯರ್, ಟೀಸ್ ಎಂಬ ಮೂರು ನದಿಗಳ ನಾಡು ಅದು. ನ್ಯೂಕ್ಯಾಸಲ್, ಸಂಡರ್‌ಲೆಂಡ್, ಡರ್ಹಮ್, ಮಿಡಲ್ಸ್‌ಬರೋ ಅಲ್ಲಿಯ ಮುಖ್ಯ ಊರುಗಳು. ೨೦೨೧ರ ಜನಗಣತಿಯಂತೆ ಜನಸಂಖ್ಯೆ ಸುಮಾರು ೨೬ ಲಕ್ಷ. ೨೦೧೧ರ ಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿ ಇದ್ದಷ್ಟೇ ಜನ ಎಂದಿಟ್ಟುಕೊಳ್ಳಿ. ಕಲ್ಲಿದ್ದಲು, ಉಕ್ಕು, ಹಡಗು ಈ ಮೂರರಿಂದ ಬ್ರಿಟಿಷ್ ಸಾಮ್ರಾಜ್ಯದ ಬೊಕ್ಕಸ ತುಂಬಿದ ನಾಡು ಅದು. ರೈಲುಬಂಡಿಯ ಇತಿಹಾಸದಲ್ಲಿ ಹೆಸರಾದ ಜಾರ್ಜ್ ಸ್ಟೀವನ್‌ಸನ್ ಅಲ್ಲಿಯ ಗಣಿ ಕೆಲಸಗಾರನ ಮಗ. ಹದಿನೆಂಟು ವರ್ಷದವನಾಗುವವರೆಗೆ ಅವನಿಗೆ ಓದುಬರಹ ಬಾರದು. ಕೂಲಿಯ ದುಡ್ಡಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವನು ಆತ. ೧೮೨೫ರಲ್ಲಿ ಸ್ಟಾಕ್‌ಟನ್ನಿಗೂ ಡಾರ್ಲಿಂಗ್‌ಟನ್ನಿಗೂ ನಡುವೆ ಓಡಿದ ರೈಲು ಆತನ ಕೈಕೆಲಸ. ದುಡಿಯುವವನ ತಲೆಯಲ್ಲಿ ಬುದ್ಧಿಗೆ ಬರವಿರಲಿಲ್ಲ, ಬರವಿದ್ದದ್ದು ಬಾಗಿಲಿಗೆ.

ಆ ಬಾಗಿಲಿನ ಕಥೆಯನ್ನು ಸ್ವಲ್ಪ ನೋಡೋಣ. ಉತ್ತರದವರಿಗೊಂದು ಕಾಲೇಜು ಬೇಕೆಂಬ ಬೇಡಿಕೆಗೆ ಓಗೊಟ್ಟು ೧೬೫೭ರಲ್ಲಿ ಕ್ರಾಮ್‌ವೆಲ್ ಡರ್ಹಮ್‌ನಲ್ಲಿ ಒಂದನ್ನು ಸ್ಥಾಪಿಸಲು ಆಜ್ಞೆ ಕೊಟ್ಟ. ಅದು ಪದವಿ ಕೊಡುವ ವಿಶ್ವವಿದ್ಯಾನಿಲಯವಾಗಕೂಡದೆಂದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳು ಅಡ್ಡ ನಿಂತವು. ೧೬೬೦ರಲ್ಲಿ ರಾಜನ ಆಳಿಕೆ ಮರಳಿತು, ಕಾಲೇಜು ಹೋಯಿತು. ಮತ್ತೆ ಅಲ್ಲಿ ವಿಶ್ವವಿದ್ಯಾನಿಲಯ ಬಂದದ್ದು ೧೮೩೨ರಲ್ಲಿ. ಅದನ್ನು ಕಟ್ಟಿದ್ದು ಡರ್ಹಮ್ ಕೆಥೀಡ್ರಲಿನ ಹಣ. ಕೆಥೀಡ್ರಲಿನ ಐಶ್ವರ್ಯವಾದರೂ ಎಲ್ಲಿಯದು? ಅದರ ಜಮೀನಿನ ಅಡಿಯಲ್ಲಿದ್ದ ಕಲ್ಲಿದ್ದಲಿನ ಪಾಲೂ ಅದರಲ್ಲಿ ಸೇರಿತ್ತು. ಹತ್ತು ವರ್ಷದೊಳಗಿನ ಹುಡುಗರನ್ನು ಗಣಿಗೆ ಇಳಿಸಬಾರದೆಂಬ ಕಾನೂನು ಬಂದದ್ದು ೧೮೪೨ರಲ್ಲಿ. ಅಂದರೆ ಡರ್ಹಮ್‌ನ ಮೊದಲ ಪದವೀಧರರು ಹೊರಬಂದಾಗ, ಅವರ ಪಾಠಶಾಲೆಗೆ ಹಣ ಒದಗಿಸಿದ ನೆಲದ ಕೆಳಗೆ ಎಂಟು ಒಂಬತ್ತು ವರ್ಷದ ಮಕ್ಕಳು ಕತ್ತಲೆಯಲ್ಲಿ ಕುಳಿತಿದ್ದರು.

ಆಮೇಲೆ ೧೮೩೪ರಲ್ಲಿ ನ್ಯೂಕ್ಯಾಸಲ್ಲಿನಲ್ಲಿ ವೈದ್ಯ ಶಾಲೆ, ೧೮೭೧ರಲ್ಲಿ ಭೌತವಿಜ್ಞಾನ ಕಾಲೇಜು, ೧೯೦೧ರಲ್ಲಿ ಸಂಡರ್‌ಲೆಂಡಿನಲ್ಲಿ ತಾಂತ್ರಿಕ ಕಾಲೇಜು, ೧೯೩೦ರಲ್ಲಿ ಮಿಡಲ್ಸ್‌ಬರೋದಲ್ಲಿ ಕಾನ್‌ಸ್ಟಂಟೈನ್ ಕಾಲೇಜು ಬಂದವು. ಗಣಿಗೆ ಇಂಜಿನಿಯರು ಬೇಕು, ಹಡಗು ಕಟ್ಟೆಗೆ ನಕ್ಷೆ ಬರೆಯುವವನು ಬೇಕು. ಬಂಡವಾಳಕ್ಕೆ ಬೇಕಾದಷ್ಟು ವಿದ್ಯೆಗೆ ಬಂಡವಾಳ ಹಣ ಕೊಟ್ಟಿತು.

ಆದರೆ ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. ತಮ್ಮ ಚಂದಾದಿಂದ ಹಳ್ಳಿಹಳ್ಳಿಯಲ್ಲಿ ವಾಚನಾಲಯ ಕಟ್ಟಿಕೊಂಡರು. ೧೯೩೪ರಲ್ಲಿ ಆಷಿಂಗ್‌ಟನ್ ಎಂಬ ಗಣಿ ಊರಿನ ಕಾರ್ಮಿಕರು ಕಾರ್ಮಿಕ ಶಿಕ್ಷಣ ಸಂಘದ ಮೂಲಕ ಕಲೆಯ ತರಗತಿ ಏರ್ಪಡಿಸಿಕೊಂಡರು. ನ್ಯೂಕ್ಯಾಸಲ್ಲಿನ ಆರ್ಮ್‌ಸ್ಟ್ರಾಂಗ್ ಕಾಲೇಜಿನಿಂದ ರಾಬರ್ಟ್ ಲಯನ್ ಎಂಬ ಅಧ್ಯಾಪಕರು ಅಲ್ಲಿಗೆ ಬಂದು ಪಾಠ ಹೇಳಿದರು. ಬೇರೆಯವರ ಚಿತ್ರ ನೋಡುವುದಕ್ಕಿಂತ ತಾವೇ ಬರೆಯುವುದು ಮೇಲೆಂದು ಆ ಗಣಿಗಾರರು ಕುಂಚ ಹಿಡಿದರು. ಗಣಿಯ ಬದುಕನ್ನು ಕುರಿತು ಅವರು ಬರೆದ ಚಿತ್ರಗಳು ಇಂದು ಅದೇ ಊರಿನ ವುಡ್‌ಹಾರ್ನ್ ವಸ್ತುಸಂಗ್ರಹಾಲಯದಲ್ಲಿವೆ. ಇಲ್ಲಿ ಗಮನಿಸಬೇಕಾದದ್ದು ಒಂದೇ ಮಾತು: ಆಗ ಕಾಲೇಜೇ ಕಾರ್ಮಿಕನ ಊರಿಗೆ ನಡೆದು ಬಂದಿತು, ಅವನ ಪಾಳಿ ಮುಗಿದ ಹೊತ್ತಿಗೆ ಬಂದಿತು.

ಇನ್ನು ರಾಜಕೀಯಕ್ಕೆ ಬರೋಣ. ೧೯೩೬ರಲ್ಲಿ ಜಾರೋ ಎಂಬ ಊರಿನ ೨೦೦ ನಿರುದ್ಯೋಗಿಗಳು ಸುಮಾರು ೩೦೦ ಮೈಲಿ ನಡೆದು ಲಂಡನ್ನಿಗೆ ಹೋಗಿ ಕೆಲಸ ಕೇಳಿದರು. ಆ ಊರಿನ ಪ್ರತಿನಿಧಿ ಎಲೆನ್ ವಿಲ್ಕಿನ್‌ಸನ್ ೧೯೪೫ರ ಲೇಬರ್ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದರು. ಶಾಲೆ ಬಿಡುವ ವಯಸ್ಸನ್ನು ೧೫ಕ್ಕೆ ಏರಿಸುವ ಕೆಲಸವನ್ನು ಹಟ ಹಿಡಿದು ಮಾಡಿಸಿದರು. ೧೯೬೨ರ ಶಿಕ್ಷಣ ಕಾನೂನಿನಿಂದ, ಪದವಿ ತರಗತಿಯಲ್ಲಿ ಸ್ಥಳ ಸಿಕ್ಕಿದ ಹುಡುಗನ ಫೀಜು ಕೊಡುವುದೂ, ಮನೆಯ ವರಮಾನ ನೋಡಿ ಅವನ ಊಟ ವಸತಿಗೆ ವೇತನ ಕೊಡುವುದೂ ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ೧೯೬೩ರಲ್ಲಿ ರಾಬಿನ್ಸ್ ಸಮಿತಿಯ ವರದಿ ಬಂದಿತು. ಯೋಗ್ಯತೆಯುಳ್ಳ, ಓದಬೇಕೆಂಬ ಪ್ರತಿಯೊಬ್ಬರಿಗೂ ಉಚ್ಚ ಶಿಕ್ಷಣದಲ್ಲಿ ಸ್ಥಳವಿರಬೇಕೆಂಬುದು ಅದರ ತತ್ತ್ವ. ಲಯನೆಲ್ ರಾಬಿನ್ಸ್ ಸಮಾಜವಾದಿಯಲ್ಲ. ಮುಕ್ತ ಮಾರುಕಟ್ಟೆಯನ್ನು ನಂಬಿದ ಅರ್ಥಶಾಸ್ತ್ರಜ್ಞ. ವರದಿಯನ್ನು ಒಪ್ಪಿದ್ದು ಕನ್ಸರ್ವೇಟಿವ್ ಸರ್ಕಾರ. ಕಾಲದ ಒತ್ತಾಯ ಅಂಥದಿತ್ತು.

ಅದೇ ೧೯೬೩ರಲ್ಲಿ ನ್ಯೂಕ್ಯಾಸಲ್ ಡರ್ಹಮ್‌ನಿಂದ ಬೇರ್ಪಟ್ಟು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಆ ದಶಕದ ಕೊನೆಯ ಹೊತ್ತಿಗೆ ನ್ಯೂಕ್ಯಾಸಲ್, ಸಂಡರ್‌ಲೆಂಡ್, ಮಿಡಲ್ಸ್‌ಬರೋಗಳಲ್ಲಿ ಪಾಲಿಟೆಕ್ನಿಕ್‌ಗಳಾದವು. ಇವು ಮೂರೂ ೧೯೯೨ರಲ್ಲಿ ನಾರ್ತಂಬ್ರಿಯ, ಸಂಡರ್‌ಲೆಂಡ್, ಟೀಸ್‌ಸೈಡ್ ವಿಶ್ವವಿದ್ಯಾನಿಲಯಗಳಾಗಿ ಹೆಸರು ಬದಲಿಸಿದವು. ಹೀಗೆ ೨೬ ಲಕ್ಷ ಜನರಿಗೆ ಐದು ವಿಶ್ವವಿದ್ಯಾನಿಲಯಗಳು. ಒಟ್ಟು ವಿದ್ಯಾರ್ಥಿಗಳು ಒಂದು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಲೆಕ್ಕದ ಪುಸ್ತಕ ಇಲ್ಲಿಗೆ ಮುಚ್ಚಿದರೆ, ಇದಕ್ಕಿಂತ ಇನ್ನೇನು ಬೇಕು ಎನ್ನಿಸುತ್ತದೆ.

ನಾನು ಮೇಷ್ಟರಾಗಿದ್ದವನು. ಹಾಜರಿ ಪುಸ್ತಕದಲ್ಲಿ ಒಟ್ಟು ಮೊತ್ತ ನೋಡಿ ಇನ್‌ಸ್ಪೆಕ್ಟರು ಸಹಿ ಹಾಕುತ್ತಾರೆ. ಯಾವ ಕೇರಿಯ ಮಗು ಬಂದಿದೆ, ಯಾವ ಕೇರಿಯದು ಬಂದಿಲ್ಲ ಎಂಬುದು ಮೊತ್ತದಲ್ಲಿ ಕಾಣುವುದಿಲ್ಲ; ಹೆಸರು ಹಿಡಿದು ಓದಿದರೆ ಮಾತ್ರ ಕಾಣುತ್ತದೆ. ಈಶಾನ್ಯ ಇಂಗ್ಲೆಂಡಿನ ಹಾಜರಿಯನ್ನೂ ಹಾಗೆ ಓದೋಣ.

ಇತ್ತೀಚಿನ ವರ್ಷಗಳಲ್ಲಿ ಲಂಡನ್ನಿನ ೧೮ ವರ್ಷದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುತ್ತಾರೆ. ಈಶಾನ್ಯದಲ್ಲಿ ಅರ್ಜಿ ಹಾಕುವವರು ಸುಮಾರು ಮೂರರಲ್ಲಿ ಒಬ್ಬರು. ಇಂಗ್ಲೆಂಡಿನ ಪ್ರದೇಶಗಳಲ್ಲೆಲ್ಲ ಅತಿ ಕೆಳಗಿನ ಸಾಲಿನಲ್ಲಿ ಅದು ನಿಂತಿದೆ. ಲಂಡನ್ನಿಗೂ ಅದಕ್ಕೂ ಇರುವ ಅಂತರ ಕುಗ್ಗುವ ಬದಲು ಹಿಗ್ಗಿದೆ. ಇನ್ನು ಡರ್ಹಮ್. ಇಂಗ್ಲೆಂಡಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಮಾತ್ರ ದುಬಾರಿ ಖಾಸಗಿ ಶಾಲೆಗಳಲ್ಲಿ ಓದುತ್ತಾರೆ. ಡರ್ಹಮ್ ವಿಶ್ವವಿದ್ಯಾನಿಲಯಕ್ಕೆ ಸೇರುವ ಆ ದೇಶದ ಎಳೆಯರಲ್ಲಾದರೋ ಅಂಥ ಶಾಲೆಗಳಿಂದ ಬಂದವರು ಸುಮಾರು ಮೂರರಲ್ಲಿ ಒಂದು ಪಾಲು. ೨೦೨೦ರಲ್ಲಿ ಅಲ್ಲಿಯ ಉತ್ತರದೇಶದ ವಿದ್ಯಾರ್ಥಿಗಳು, ತಮ್ಮ ಮಾತಿನ ಧಾಟಿಯನ್ನು ಸಹಪಾಠಿಗಳು ಅಣಕಿಸುತ್ತಾರೆಂದು ಬಹಿರಂಗವಾಗಿ ದೂರಿದರು. ತಾತ ಮುತ್ತಾತಂದಿರು ಅಗೆದ ನೆಲದ ಮೇಲೆ ನಿಂತ ವಿದ್ಯಾಲಯದಲ್ಲಿ ಮೊಮ್ಮಗನ ಮಾತೇ ಪರದೇಶಿ ಮಾತಾಯಿತು! ಪ್ರತಿ ವರ್ಷ ಜುಲೈನಲ್ಲಿ ಗಣಿ ಕಾರ್ಮಿಕರ ಸಂಘ ಧ್ವಜ ಹಿಡಿದು ಬ್ಯಾಂಡ್ ಬಾರಿಸುತ್ತ ಮೆರವಣಿಗೆ ಹೋಗುವುದೂ ಅದೇ ಊರಿನ ಬೀದಿಗಳಲ್ಲಿ. ೧೮೭೧ರಿಂದ ನಡೆದುಬಂದ ಜಾತ್ರೆ ಅದು.

ಹೀಗೇಕಾಯಿತು? ಹುಡುಗರು ದಡ್ಡರೆಂದು ಹೇಳುವವರಿಗೆ ಸ್ಟೀವನ್‌ಸನ್ನನೇ ಉತ್ತರ. ಸಂಗತಿ ಬೇರೆ ಇದೆ. ಕಾನ್ಸೆಟ್ಟಿನ ಉಕ್ಕಿನ ಕಾರ್ಖಾನೆ ೧೯೮೦ರಲ್ಲಿ ಮುಚ್ಚಿತು. ೧೯೮೪–೮೫ರ ಮಹಾ ಮುಷ್ಕರದಲ್ಲಿ ಗಣಿ ಕಾರ್ಮಿಕರು ಸೋತರು. ಸಂಡರ್‌ಲೆಂಡಿನ ಹಡಗು ಕಟ್ಟೆಗಳು ೧೯೮೮ರಲ್ಲಿ ಹೋದವು. ಈಸಿಂಗ್‌ಟನ್ ಗಣಿ ೧೯೯೩ರಲ್ಲಿ, ಪ್ರದೇಶದ ಕೊನೆಯ ಆಳದ ಗಣಿಯಾದ ಎಲಿಂಗ್‌ಟನ್ ೨೦೦೫ರಲ್ಲಿ, ರೆಡ್‌ಕಾರಿನ ಉಕ್ಕಿನ ಕುಲುಮೆ ೨೦೧೫ರಲ್ಲಿ ಆರಿಹೋದವು. ಅಪ್ಪನ ಕೆಲಸ ಹೋದ ಮನೆಯಲ್ಲಿ ಹದಿನಾರರ ಹುಡುಗ ಮೊದಲು ನೋಡುವುದು ನಾಳೆಯ ದುಡ್ಡನ್ನು. ಅಂಥ ಮನೆಯ ಮಕ್ಕಳು ಶಾಲೆ ಬಿಡದಿರಲೆಂದು ವಾರಕ್ಕೆ ೩೦ ಪೌಂಡಿನವರೆಗೆ ಕೊಡುತ್ತಿದ್ದ ಭತ್ಯೆಯನ್ನು ಕೂಡ ಇಂಗ್ಲೆಂಡಿನಲ್ಲಿ ೨೦೧೦ರಲ್ಲಿ ಬಂದ ಸರ್ಕಾರ ರದ್ದು ಮಾಡಿತು.

ಇದರ ಮೇಲೆ ಫೀಜು. ೧೯೯೮ರ ಕಾನೂನಿನಿಂದ ವರ್ಷಕ್ಕೆ ೧,೦೦೦ ಪೌಂಡ್ ಫೀಜು ಬಂದಿತು. ತಂದವರು ಲೇಬರ್ ಪಕ್ಷದ ಟೋನಿ ಬ್ಲೇರ್. ಅವರ ಕ್ಷೇತ್ರ ಸೆಜ್‌ಫೀಲ್ಡ್, ಡರ್ಹಮ್ ಜಿಲ್ಲೆಯ ಹಳೆಯ ಗಣಿಗಳ ನಾಡು! ಫೀಜನ್ನು ಇನ್ನು ಮೇಲಕ್ಕೆ ಏರಿಸುವುದಿಲ್ಲವೆಂದು ೨೦೦೧ರ ಚುನಾವಣಾ ಪ್ರಣಾಳಿಕೆಯಲ್ಲಿ ಬರೆದುಕೊಟ್ಟ ಅದೇ ಪಕ್ಷ, ೨೦೦೪ರ ಜನವರಿಯಲ್ಲಿ ಕೇವಲ ಐದು ಮತಗಳ ಬಹುಮತದಿಂದ ಅದನ್ನು ೩,೦೦೦ ಪೌಂಡಿಗೆ ಏರಿಸುವ ಮಸೂದೆಯನ್ನು ದಾಟಿಸಿತು. ಮುಂದಿನವರಿಗೆ ದಾರಿ ಸುಲಭವಾಯಿತು. ೨೦೧೨ರಲ್ಲಿ ೯,೦೦೦, ೨೦೧೭ರಲ್ಲಿ ೯,೨೫೦, ೨೦೨೫ರಲ್ಲಿ ೯,೫೩೫. ನಮ್ಮ ಹಣದಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿತು. ಬಡ ವಿದ್ಯಾರ್ಥಿಯ ಊಟ ವಸತಿಯ ವೇತನವನ್ನು ೨೦೧೬ರಲ್ಲಿ ತೆಗೆದು ಅದನ್ನೂ ಸಾಲವಾಗಿ ಮಾಡಿದರು. ನಮ್ಮ ದೇಶದಲ್ಲಾಗಲಿ ಆ ದೇಶದಲ್ಲಾಗಲಿ, ಕಾರ್ಮಿಕರ ಹೆಸರು ಹೇಳಿ ಗೆದ್ದ ಪಕ್ಷ ತೆರೆದ ಬಿರುಕಿನಲ್ಲಿ ಶ್ರೀಮಂತರ ಪಕ್ಷ ಹೆಬ್ಬಾಗಿಲು ಇಡುತ್ತದೆ ಎಂಬುದನ್ನು ಕಾರ್ಯಕರ್ತರು ಮರೆಯಬಾರದು.

೨೦೨೩ರಿಂದ ಸೇರಿದವರು ವರ್ಷಕ್ಕೆ ೨೫,೦೦೦ ಪೌಂಡ್ ಮೀರಿದ ಸಂಪಾದನೆಯಲ್ಲಿ ನೂರಕ್ಕೆ ಒಂಬತ್ತರಂತೆ ೪೦ ವರ್ಷದವರೆಗೂ ಸಾಲ ತೀರಿಸಬೇಕು. ಹಣವಂತನ ಮಗ ಫೀಜನ್ನು ಮೊದಲೇ ಕಟ್ಟಿ ಬಡ್ಡಿಯಿಲ್ಲದೆ ಹೊರಬರುತ್ತಾನೆ. ದಾದಿಯೂ ಮೇಷ್ಟ್ರೂ ತಲೆ ನರೆಯುವವರೆಗೆ ಕಂತು ಕಟ್ಟುತ್ತಾರೆ. ಒಂದೇ ಪದವಿ, ಎರಡು ಬೆಲೆ. ಬಡವನಿಗೇ ಹೆಚ್ಚಿನ ಬೆಲೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಫೀಜು ಏರಿದ ಮೇಲೂ ಬಡ ಮನೆಗಳಿಂದ ಬರುವ ೧೮ ವರ್ಷದವರ ಸಂಖ್ಯೆ ಇಳಿಯಲಿಲ್ಲ, ಏರಿತು ಎನ್ನುತ್ತಾರೆ ಅದರ ವಕೀಲರು. ಈ ಮಾತು ನಿಜ, ನಾವು ಮುಚ್ಚಿಡಬೇಕಾಗಿಲ್ಲ. ಆದರೆ ದುಡಿಯುತ್ತ ಅರೆಹೊತ್ತು ಓದುವವರ ಕಥೆ ಏನಾಯಿತು? ಇಂಗ್ಲೆಂಡಿನಲ್ಲಿ ಅಂಥ ತರಗತಿಗಳಿಗೆ ಸೇರುವವರು ೨೦೧೦ರಿಂದ ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರು. ಕಾರ್ಖಾನೆ ಮುಚ್ಚಿ ನಲವತ್ತರ ವಯಸ್ಸಿನಲ್ಲಿ ಬೇರೆ ಕಸುಬು ಕಲಿಯಬೇಕಾದ ಮನುಷ್ಯ ಆ ಲೆಕ್ಕದಲ್ಲಿದ್ದಾನೆ. ಆಷಿಂಗ್‌ಟನ್ನಿನ ಗಣಿಗಾರ ಇಂದು ಬದುಕಿದ್ದರೆ ಆ ಲೆಕ್ಕದಲ್ಲಿ ಬರುತ್ತಿದ್ದ. ಇನ್ನು ಗಡಿಯಾಚೆ ನೋಡಿ. ಬೆರಿಕ್ ಪಟ್ಟಣದಿಂದ ಎರಡು ಮೂರು ಮೈಲಿ ಉತ್ತರಕ್ಕೆ ಹೋದರೆ ಸ್ಕಾಟ್ಲೆಂಡು. ಅಲ್ಲಿಯ ಹುಡುಗ ಅಲ್ಲಿಯೇ ಮೊದಲ ಪದವಿ ಓದಿದರೆ ಫೀಜಿಲ್ಲ. ಅಲ್ಲಿ ಸ್ಥಳಗಳಿಗೆ ಮಿತಿಯಿದೆ, ಪೈಪೋಟಿ ಇದೆ, ಅದೂ ಸ್ವರ್ಗವಲ್ಲ. ಆದರೆ ಫೀಜಿಲ್ಲದೆ ವಿಶ್ವವಿದ್ಯಾನಿಲಯ ನಡೆಯದೆಂಬ ಮಾತು ಸುಳ್ಳೆಂದು ತೋರಿಸಲು ಆ ಮೂರು ಮೈಲಿ ಸಾಕು.

ತಲೆಯೊಂದಕ್ಕೆ ಇಷ್ಟು ಫೀಜು ಎಂದಾದಾಗ ವಿದ್ಯಾಲಯ ಅಂಗಡಿಯಾಗುತ್ತದೆ. ಅದಕ್ಕೆ ಸ್ಟಾಕ್‌ಟನ್ನಿನ ಕಥೆ ಕೇಳಿ. ಟೀಸ್ ನದಿಯ ದಂಡೆಯಲ್ಲಿ ಹೆಡ್ ರೈಟ್‌ಸನ್ ಎಂಬ ಕಬ್ಬಿಣದ ಕಾರ್ಖಾನೆಯಿತ್ತು. ಎಂಬತ್ತರ ದಶಕದಲ್ಲಿ ಮುಚ್ಚಿತು. ೧೯೮೭ರಲ್ಲಿ ಪ್ರಧಾನಿ ಥ್ಯಾಚರ್ ಆ ಹಾಳುಬಯಲಿನಲ್ಲಿ ಒಬ್ಬರೇ ನಡೆದ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ಜಾಗದಲ್ಲಿ ೧೯೯೨ರಲ್ಲಿ ಡರ್ಹಮ್ ಮತ್ತು ಟೀಸ್‌ಸೈಡ್ ಸೇರಿ ಒಂದು ಕಾಲೇಜು ತೆರೆದವು. ಆಮೇಲೆ ಅದು ಡರ್ಹಮ್‌ನದಾಯಿತು. ಕುಲುಮೆ ಹೋದರೂ ಕಾಲೇಜು ಬಂತಲ್ಲ ಎಂದು ಆ ಊರಿನ ಜನ ಸಮಾಧಾನಪಟ್ಟರು. ೨೦೧೭–೧೮ರ ಹೊತ್ತಿಗೆ ವೈದ್ಯ ತರಗತಿ ನ್ಯೂಕ್ಯಾಸಲ್ಲಿಗೆ ಹೋಯಿತು, ಉಳಿದ ಪದವಿ ತರಗತಿಗಳು ಡರ್ಹಮ್ ನಗರಕ್ಕೆ ಹೋದವು. ಅಲ್ಲಿ ಉಳಿದದ್ದು ಹೊರದೇಶದ ವಿದ್ಯಾರ್ಥಿಗಳನ್ನು ಪದವಿಗೆ ಸಿದ್ಧಪಡಿಸುವ, ಖಾಸಗಿ ಕಂಪನಿ ನಡೆಸುವ ಕೇಂದ್ರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನೊಂದು ಕಡೆ ಸಂಡರ್‌ಲೆಂಡ್ ೨೦೧೨ರಲ್ಲಿಯೂ, ಟೀಸ್‌ಸೈಡ್ ೨೦೨೨ರಲ್ಲಿಯೂ ಲಂಡನ್ನಿನಲ್ಲಿ ಶಾಖೆ ತೆರೆದವು. ಬಡ ಪ್ರದೇಶದ ವಿದ್ಯಾಲಯ ಗಿರಾಕಿಯನ್ನು ಹುಡುಕಿ ರಾಜಧಾನಿಗೆ ಹೋಯಿತು. ಸಂಡರ್‌ಲೆಂಡ್ ೨೦೧೯ರಲ್ಲಿ ಹೊಸ ವೈದ್ಯ ಶಾಲೆ ತೆರೆದದ್ದು ಒಳ್ಳೆಯ ಕೆಲಸ, ಅದನ್ನು ಮೆಚ್ಚಬೇಕು. ಆದರೆ ಮರುವರ್ಷವೇ, ೨೦೨೦ರ ಜನವರಿಯಲ್ಲಿ, ಇತಿಹಾಸ, ರಾಜ್ಯಶಾಸ್ತ್ರ, ಆಧುನಿಕ ಭಾಷೆಗಳ ಪಾಠವನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿತು. ಉದ್ಯೋಗಕ್ಕೆ ಒದಗುವ ವಿಷಯಗಳೇ ತನ್ನ ದಾರಿ ಎಂದಿತು. ಹಡಗು ಕಟ್ಟೆಗಳು ಏಕೆ ಮುಚ್ಚಿದವೆಂದು ತಿಳಿಯಬೇಕಾದ ಊರಿನಲ್ಲಿಯೇ ಇತಿಹಾಸಕ್ಕೆ ಬೀಗ! ಡರ್ಹಮ್‌ನ ಖಾಸಗಿ ಶಾಲೆಯ ಹುಡುಗ ಇತಿಹಾಸ ಓದಿ ಆಳಲು ಕಲಿಯಲಿ, ಸಂಡರ್‌ಲೆಂಡಿನ ಹುಡುಗ ಕಸುಬು ಕಲಿತು ಆಳಿಸಿಕೊಳ್ಳಲಿ ಎಂಬುದು ಎಂಥ ವಿಭಜನೆ ಎಂದು ವರ್ಣಾಶ್ರಮ ಕಂಡ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ನಮ್ಮವರ ಮಾತು. ದೇಶದ ವಿದ್ಯಾರ್ಥಿಯ ಫೀಜಿಗೆ ಸರ್ಕಾರದ ಮಿತಿಯಿದೆ. ಹೊರಗಿನವರ ಫೀಜಿಗೆ ಮಿತಿಯಿಲ್ಲ. ಆದ್ದರಿಂದ ಹೊರಗಿನವರನ್ನು ತುಂಬಿಕೊಂಡು ಖರ್ಚು ಸರಿದೂಗಿಸುವುದು ರೂಢಿಯಾಯಿತು. ೨೦೨೨ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಪಡೆದವರಲ್ಲಿ ಭಾರತೀಯರು ಚೀನೀಯರನ್ನು ಮೀರಿ ಮೊದಲಾದರು. ಕರೆತರುವ ಏಜೆಂಟರಿಗೆ ವಿಶ್ವವಿದ್ಯಾನಿಲಯಗಳೇ ಕಮಿಷನ್ ಕೊಡುತ್ತವೆ. ಆಮೇಲೆ ಗಾಳಿ ತಿರುಗಿತು. ೨೦೨೪ರ ಜನವರಿಯಿಂದ, ಸಂಶೋಧನೆಗಲ್ಲದೆ ಬರೀ ಪಾಠದ ತರಗತಿಗೆ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲವೆಂದಾಯಿತು. ಓದಿದ ಮೇಲೆ ಅಲ್ಲಿದ್ದು ಕೆಲಸ ಮಾಡುವ ಎರಡು ವರ್ಷದ ಅವಧಿಯನ್ನು ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ೨೦೨೫ರಲ್ಲಿ ಸಾರಿದರು. ೨೦೨೪ರ ಮೇ ತಿಂಗಳಲ್ಲಿ, ತಮ್ಮ ದೇಶದ ನಾಣ್ಯದ ಬೆಲೆ ಕುಸಿದು ಕಂತು ಕಟ್ಟಲಾರದೆ ಹೋದ ನೈಜೀರಿಯದ ವಿದ್ಯಾರ್ಥಿಗಳನ್ನು ಟೀಸ್‌ಸೈಡಿನಲ್ಲಿ ತರಗತಿಯಿಂದ ತೆಗೆದರು; ಅವರು ದೇಶ ಬಿಡಬೇಕಾದ ಸ್ಥಿತಿ ಬಂದಿತು. ಹೊರದೇಶದ ಹಣ ಇಳಿದಾಗ ನ್ಯೂಕ್ಯಾಸಲ್ಲಿನಲ್ಲಿ ನೂರಾರು ಹುದ್ದೆಗಳಿಗೆ ಕತ್ತರಿ ಬಿದ್ದಿತು. ೨೦೨೫ರಲ್ಲಿ ಅಲ್ಲಿಯ ಅಧ್ಯಾಪಕರು ಮುಷ್ಕರ ಹೂಡಿದರು.

ಇಲ್ಲಿ ನಮ್ಮ ರೈತನ ಸಾಲ, ಅಲ್ಲಿ ಗಣಿಯೂರಿನ ಹುಡುಗನ ಸಾಲ. ಒಂದೇ ಗಾಣಕ್ಕೆ ಎರಡು ಎತ್ತು. ನಮ್ಮ ಮಕ್ಕಳು ಬಂದದ್ದರಿಂದ ನಮಗೆ ಸ್ಥಳವಿಲ್ಲದಾಯಿತೆಂದು ಅಲ್ಲಿಯವರಿಗೆ ಹೇಳಿಕೊಡುವವರಿದ್ದಾರೆ. ಅದು ಸುಳ್ಳು. ಸರ್ಕಾರ ಹಿಂದೆಗೆದ ಹಣದ ಕುಳಿಯನ್ನು ನಮ್ಮ ಮಕ್ಕಳ ಫೀಜಿನಿಂದ ತುಂಬಿಸಿಕೊಳ್ಳುತ್ತಿದ್ದಾರೆ, ಅಷ್ಟೆ.

ಎಲ್ಲರೂ ವಿಶ್ವವಿದ್ಯಾನಿಲಯಕ್ಕೆ ಹೋಗಲೇಬೇಕೆ ಎಂದು ಕೇಳುವವರುಂಟು. ಬೇಕಿಲ್ಲ. ಒಳ್ಳೆಯ ಬೆಸುಗೆಗಾರ ಕೆಟ್ಟ ವಕೀಲನಿಗಿಂತ ಮೇಲು. ಆದರೆ ಈ ಉಪದೇಶ ಯಾವಾಗಲೂ ಗಣಿಯೂರಿನ ಹುಡುಗನಿಗೇ ಏಕೆ? ಲಂಡನ್ನಿನ ಬ್ಯಾಂಕರನ ಮಗನಿಗೆ ಇದನ್ನು ಹೇಳಿದವರನ್ನು ನಾನು ಕಾಣೆ. ಬೇಡವೆನ್ನುವ ಹಕ್ಕು ಬೇಕೆನ್ನಲು ಸಾಧ್ಯವಿದ್ದವನಿಗೆ ಮಾತ್ರ ಇರುತ್ತದೆ.

ಸಂಗಾತಿಗಳೇ, ಇಷ್ಟರಿಂದ ನಾವು ಕಲಿಯಬೇಕಾದದ್ದು ನಾಲ್ಕು ಮಾತು. ಒಂದು, ಒಂದು ಪ್ರದೇಶದಲ್ಲಿ ಎಷ್ಟು ವಿದ್ಯಾಲಯ, ಎಷ್ಟು ವಿದ್ಯಾರ್ಥಿ ಎಂಬ ಮೊತ್ತಕ್ಕೆ ಮರುಳಾಗದೆ, ಯಾವ ಊರಿನ, ಎಷ್ಟು ವರಮಾನದ ಮನೆಯ ಮಕ್ಕಳೆಂದು ಕೇಳಬೇಕು. ಎರಡು, ಫೀಜು ತೆಗೆದರೆ ಸಾಲದು. ಓದುವಾಗ ಊಟಕ್ಕೂ ಬಸ್ಸಿಗೂ ದುಡ್ಡು ಬೇಕು. ಮೂರು, ವಿದ್ಯಾಲಯ ದುಡಿಯುವವನ ಊರಿಗೆ, ಅವನ ಬಿಡುವಿನ ಹೊತ್ತಿಗೆ ಬರಬೇಕು. ನಾಲ್ಕು, ಯಾವ ವಿಷಯವೂ ಬಡವನಿಗೆ ಹೆಚ್ಚಾಯಿತೆಂದು ಮುಚ್ಚಕೂಡದು.

ಕೊನೆಗೆ ಒಂದು ಕೆಲಸ. ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ಇಂಗ್ಲೆಂಡಿಗೆ ಮಗನನ್ನೋ ಮಗಳನ್ನೋ ಕಳುಹಿಸಲು ಜಮೀನಿನ ಪತ್ರ ಅಡವಿಡಲು ಹೊರಟ ಮನೆಯವರಿದ್ದರೆ, ಅವರನ್ನು ಹೆದರಿಸಬೇಡಿ, ಹುರಿದುಂಬಿಸಲೂ ಬೇಡಿ. ಜೊತೆಗೆ ಕುಳಿತು ಏಜೆಂಟನ ಕಾಗದಗಳನ್ನು ಓದಿ. ಒಟ್ಟು ಫೀಜು ಎಷ್ಟು, ಕಂತು ತಪ್ಪಿದರೆ ಏನಾಗುತ್ತದೆ, ಪಾಠ ನಡೆಯುವುದು ಮೂಲ ಊರಿನಲ್ಲೋ ಲಂಡನ್ ಶಾಖೆಯಲ್ಲೋ, ಓದಿದ ಮೇಲೆ ಎಷ್ಟು ತಿಂಗಳು ಇರಬಹುದು, ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೇಳಿಸಿ. ಉತ್ತರ ಬಂದ ಮೇಲೆ ತೀರ್ಮಾನ ಆ ಮನೆಯವರದು. ಇಷ್ಟು ಕೆಲಸವನ್ನು ನಮ್ಮ ಪ್ರತಿಯೊಂದು ಶಾಖೆಯೂ ನಾಳೆಯಿಂದಲೇ ಮಾಡಬಹುದು.